ಗೌನಿಪಲ್ಲಿಯಿಂದ ಘಾನಾಗೆ: ಮುದ್ದೆ ನುಂಗೋಕೆ ಬರುತ್ತಾ? ಹಾಗಾದ್ರೆ ಹೊರಡಿ

ಇಯರ್‌ಫೋನ್ ಹಾಕ್ಕೊಂಡ್ರಾ? ಈ ವಾರ ನಾವು ಹೊರಟಿರೋದು ಪಶ್ಚಿಮ ಆಫ್ರಿಕಾದ ಘಾನಾ ದೇಶಕ್ಕೆ. ಕೆಲಸಕ್ಕೋ, ವ್ಯಾಪಾರಕ್ಕೋ, ಸುಮ್ನೆ ನೋಡ್ಕೊಂಡು ಬರೋಕೋ ಮೊದಲ ಸಲ ಅಲ್ಲಿಗೆ ಹೋಗೋರಿಗೆ ಏನೆಲ್ಲ ಗೊತ್ತಿರಬೇಕು ಅನ್ನೋದು ಇವತ್ತಿನ ಸಂಚಿಕೆ.

ಪ್ರವಾಸಿ ಪುಸ್ತಕಗಳಲ್ಲಿ ಈ ಮಾಹಿತಿ ಸಿಗುತ್ತೆ. ಆದರೆ ಅವು ಲಂಡನ್ನಿಂದಲೋ ನ್ಯೂಯಾರ್ಕಿನಿಂದಲೋ ಹೊರಡೋರಿಗೆ ಬರೆದವು. ಕೈಯಲ್ಲಿ ಊಟ ಮಾಡೋದು ಹೇಗೆ, ಕರೆಂಟ್ ಹೋದ್ರೆ ಏನು ಮಾಡೋದು ಅಂತೆಲ್ಲ ಅವರಿಗೆ ಪಾಠ ಹೇಳಬೇಕು. ನಮಗೆ ಬೇಡ. ನಾವು ಶ್ರೀನಿವಾಸಪುರ ತಾಲೂಕಿನ ಗೌನಿಪಲ್ಲಿಯಿಂದ ಹೊರಡೋಣ. ಮಾವು, ಟೊಮೆಟೊ, ರೇಷ್ಮೆ, ರಾಗಿ ಗೊತ್ತಿರೋ ಊರು, ಚಿನ್ನದ ಗಣಿ ಮುಚ್ಚಿಹೋಗಿರೋ ಜಿಲ್ಲೆ. ಅಲ್ಲಿಂದ ನೋಡಿದರೆ ಘಾನಾ ಬೇರೆಯೇ ಥರ ಕಾಣಿಸುತ್ತೆ.

ಮೊದಲು ಅಳತೆ. ಘಾನಾದ ವಿಸ್ತೀರ್ಣ ಸುಮಾರು 2,38,500 ಚದರ ಕಿಲೋಮೀಟರ್, ಅಂದರೆ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು. ಜನ ಮಾತ್ರ ಕಮ್ಮಿ. 2021ರ ಜನಗಣತಿ ಪ್ರಕಾರ 3 ಕೋಟಿ 8 ಲಕ್ಷ, ನಮ್ಮ ರಾಜ್ಯದ ಅರ್ಧದಷ್ಟು. ದಕ್ಷಿಣಕ್ಕೆ ಸಮುದ್ರ, ಪೂರ್ವಕ್ಕೆ ಟೋಗೊ, ಪಶ್ಚಿಮಕ್ಕೆ ಐವರಿ ಕೋಸ್ಟ್, ಉತ್ತರಕ್ಕೆ ಬುರ್ಕಿನಾ ಫಾಸೊ. ರಾಜಧಾನಿ ಅಕ್ರಾ ಸಮುದ್ರದ ದಂಡೆಯಲ್ಲೇ ಇದೆ. ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಇಲ್ಲಿ ಸಂಜೆ ಏಳೂವರೆಗೆ ಐಪಿಎಲ್ ಶುರುವಾದರೆ ಅಲ್ಲಿ ಮಧ್ಯಾಹ್ನ ಎರಡು ಗಂಟೆ. ಆದರೆ ಅಲ್ಲಿ ಕ್ರಿಕೆಟ್ ಬಗ್ಗೆ ಮಾತಾಡೋರು ಸಿಗೋದು ಕಷ್ಟ, ಅಲ್ಲಿರೋದು ಫುಟ್‌ಬಾಲ್. 2010ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಉರುಗ್ವೆಯ ಸುವಾರೆಸ್ ಗೋಲ್ ಗೆರೆ ಮೇಲೆ ನಿಂತು ಚೆಂಡನ್ನ ಕೈಯಲ್ಲಿ ತಡೆದ, ಸಿಕ್ಕ ಪೆನಾಲ್ಟಿಯನ್ನ ಘಾನಾದ ಅಸಮೋವಾ ಗ್ಯಾನ್ ಕ್ರಾಸ್‌ಬಾರ್‌ಗೆ ಹೊಡೆದ. ಆ ನೋವು ಇನ್ನೂ ಆರಿಲ್ಲ. ಟ್ಯಾಕ್ಸಿ ಹತ್ತಿ ಸುವಾರೆಸ್ ಹೆಸರು ತೆಗೀರಿ, ಇಳಿಯೋವರೆಗೂ ಮಾತಿಗೆ ಬರ ಇರಲ್ಲ.

ಈಗ ಊಟ. ಘಾನಾದ ದಕ್ಷಿಣದಲ್ಲಿ ಫುಫು ಅಂತ ಮಾಡ್ತಾರೆ. ಮರಗೆಣಸು, ಬಾಳೆಕಾಯಿ ಬೇಯಿಸಿ ದೊಡ್ಡ ಒರಳಲ್ಲಿ ಹಾಕಿ ಉದ್ದನೆ ಒನಕೆಯಲ್ಲಿ ಕುಟ್ಟುತ್ತಾರೆ. ಒಬ್ಬರು ಕುಟ್ಟೋದು, ಇನ್ನೊಬ್ಬರು ಎರಡು ಏಟಿನ ಮಧ್ಯೆ ಕೈ ಹಾಕಿ ತಿರುವೋದು. ತಾಳ ತಪ್ಪಿದರೆ ಬೆರಳು ಹೋಯ್ತು! ಕೊನೆಗೆ ನುಣ್ಣಗೆ ಒಂದು ಉಂಡೆ. ಅದನ್ನ ಬಟ್ಟಲಲ್ಲಿಟ್ಟು ಸುತ್ತ ಸಾರು ಹುಯ್ದು, ಬಲಗೈಯಲ್ಲಿ ಮುರಿದು, ಅದ್ದಿ, ಅಗಿಯದೆ ನುಂಗಬೇಕು. ಯೂರೋಪಿನಿಂದ ಬಂದವರು ಇದನ್ನ ಚೂಯಿಂಗ್ ಗಮ್ ಥರ ಅಗಿದು ಸುಸ್ತಾಗ್ತಾರೆ. ಬಸ್ಸಾರಲ್ಲಿ ಮುದ್ದೆ ನುಂಗಿ ಬೆಳೆದ ಕೋಲಾರದವರಿಗೆ ಇದು ಹೇಳಿಕೊಡೋ ವಿಷಯ ಅಲ್ಲ. ಬಾಂಕು ಅನ್ನೋದು ಹುಳಿ ಬರಿಸಿದ ಮುಸುಕಿನ ಜೋಳದ ಹಿಟ್ಟಿನ ಮುದ್ದೆ. ಉತ್ತರಕ್ಕೆ ಹೋದರೆ ತುವೊ ಜಾಫಿ ಅಂತ ಜೋಳ, ಸಜ್ಜೆ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪಿನ ಸಾರು. ಕಡಲೆಕಾಯಿ ಬೀಜ ಅರೆದು ಮಾಡೋ ಸಾರೂ ಇದೆ, ಅದನ್ನ ಬಿಡಬೇಡಿ.

ಹೋಲಿಕೆ ಬರೀ ಕಣ್ಣಿಗೆ ಕಾಣೋದಲ್ಲ. ರಾಗಿ ಮೂಲದಲ್ಲಿ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶದ ಬೆಳೆ. ಸಜ್ಜೆ ಬಂದದ್ದು ಪಶ್ಚಿಮ ಆಫ್ರಿಕಾದ ಒಣನೆಲದಿಂದ. ನಾವು ಹುಳಿಗೆ ಹಾಕೋ ಅಲಸಂದೆಯನ್ನ ಮೊದಲು ಬೇಸಾಯಕ್ಕೆ ತಂದದ್ದೂ ಆಫ್ರಿಕಾದವರೇ. ಘಾನಾ ಮಧ್ಯಭಾಗದ ಪುರಾತನ ವಸತಿಗಳನ್ನ ಅಗೆದಾಗ 3,500 ವರ್ಷಕ್ಕೂ ಹಳೆಯ ಅಲಸಂದೆ ಕಾಳು ಸಿಕ್ಕಿವೆ. ಇವತ್ತಿಗೂ ಅಲ್ಲಿನ ಬೆಳಗಿನ ತಿಂಡಿ ವಾಚೆ, ಅಂದರೆ ಅಕ್ಕಿ ಮತ್ತು ಅಲಸಂದೆ ಒಟ್ಟಿಗೆ ಬೇಯಿಸಿದ್ದು. ಸಸ್ಯಾಹಾರಿಗಳಿಗೆ ಅಲ್ಲಿ ಆಸರೆಯಾಗೋದೂ ಅಲಸಂದೆಯೇ. ‘ರೆಡ್ ರೆಡ್’ ಅಂತ ಕೇಳಿ. ತಾಳೆ ಎಣ್ಣೆಯಲ್ಲಿ ಮಾಡಿದ ಅಲಸಂದೆ ಪಲ್ಯ, ಕರಿದ ಬಾಳೆಹಣ್ಣು. ಆದರೆ ಒಣಮೀನಿನ ಪುಡಿ ಹಾಕಿದ್ದೀರಾ ಅಂತ ಎರಡು ಸಲ ಕೇಳಿ. ಮೀನಿನ ಪುಡಿಯನ್ನ ಅಲ್ಲಿ ಎಷ್ಟೋ ಜನ ಮಾಂಸಾಹಾರ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ಎಡಗೈಯಲ್ಲಿ ಏನೂ ಕೊಡಬೇಡಿ, ತಗೋಬೇಡಿ, ಕೈ ಬೀಸಿ ಕರೀಬೇಡಿ. ಅಜ್ಜಿ ಬೈದು ಕಲಿಸಿದ್ದು ಅಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತೆ. ಊಟ ಮಾಡ್ತಿರೋರ ಪಕ್ಕ ಹಾದು ಹೋದರೆ ‘ಯು ಆರ್ ಇನ್ವೈಟೆಡ್’ ಅಂತಾರೆ. ನಮ್ಮ ‘ಬನ್ನಿ, ಊಟ ಮಾಡಿ’ ಇದ್ದ ಹಾಗೆ. ಎದ್ದು ಹೊರಡುವಾಗ ‘ಐ ಆ್ಯಮ್ ಕಮಿಂಗ್’ ಅಂತಾರೆ. ಇಂಗ್ಲಿಷಿನವರು ಗಲಿಬಿಲಿ ಆಗ್ತಾರೆ, ಹೋಗ್ತಾ ಇದ್ದಾನೆ, ಬರ್ತೀನಿ ಅಂತಾನಲ್ಲ ಅಂತ. ‘ಬರ್ತೀನಿ’ ಅಂತಾನೇ ಹೇಳಿ ಹೋಗೋ ನಮಗೆ ಅದರಲ್ಲಿ ವಿಚಿತ್ರ ಏನಿದೆ?

ಭಾಷೆ ವಿಚಾರವೂ ಹಾಗೇ. ಗೌನಿಪಲ್ಲಿ ಆಂಧ್ರದ ಗಡಿ ಪಕ್ಕದ ಊರು. ಆ ಕಡೆ ಮನೇಲಿ ತೆಲುಗು, ಶಾಲೇಲಿ ಕನ್ನಡ, ಫೋನಲ್ಲಿ ಇಂಗ್ಲಿಷ್ ಅನ್ನೋದು ಮಾಮೂಲಿ. ಘಾನಾದಲ್ಲಿ ಮನೇಲಿ ಎವೆ ಅಥವಾ ಗಾ ಅಥವಾ ದಗ್ಬಾನಿ, ಸಂತೇಲಿ ಟ್ವಿ, ಕಚೇರೀಲಿ ಇಂಗ್ಲಿಷ್. ಆಡಳಿತ ಭಾಷೆ ಇಂಗ್ಲಿಷ್ ಆದ್ದರಿಂದ ನಿಮಗೆ ತೊಂದರೆ ಇಲ್ಲ, ಆದರೆ ಟ್ವಿಯಲ್ಲಿ ಎರಡು ಪದ ಕಲಿತು ಹೋಗಿ. ‘ಅಕ್ವಾಬಾ’ ಅಂದರೆ ಸುಸ್ವಾಗತ, ಎಲ್ಲ ಕಡೆ ಬರೆದಿರುತ್ತೆ. ‘ಮೆದಾಸೆ’ ಅಂದರೆ ಧನ್ಯವಾದ. ಹೆಸರುಗಳಲ್ಲಿ ಒಂದು ಮಜಾ ಇದೆ. ಅಕಾನ್ ಜನ ಮಗು ಹುಟ್ಟಿದ ವಾರದಿಂದ ಹೆಸರಿಡ್ತಾರೆ. ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರ ಹುಟ್ಟಿದವನು ಕ್ವಾಮೆ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್, ದೇಶದ ಮೊದಲ ನಾಯಕ ಕ್ವಾಮೆ ನ್‌ಕ್ರುಮಾ, ಇಬ್ಬರ ಹೆಸರಲ್ಲೂ ವಾರ ಇದೆ. ನೀವು ಯಾವ ವಾರ ಹುಟ್ಟಿದ್ದು ಅಂತ ನೋಡ್ಕೊಂಡು ಹೋಗಿ. ಕೇಳೇ ಕೇಳ್ತಾರೆ, ಕೇಳಿ ಒಂದು ಹೆಸರು ಕೊಟ್ಟೇ ಕಳಿಸ್ತಾರೆ.

ಈಗ ಚಿನ್ನ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಬ್ರಿಟಿಷರ ಕಾಲದಲ್ಲಿ ಈ ದೇಶದ ಹೆಸರೇ ಗೋಲ್ಡ್ ಕೋಸ್ಟ್, ಚಿನ್ನದ ಕರಾವಳಿ. ಇವತ್ತು ಆಫ್ರಿಕಾದಲ್ಲಿ ಅತಿ ಹೆಚ್ಚು ಚಿನ್ನ ತೆಗೆಯೋ ದೇಶ ಘಾನಾ. ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲಿ ಕಾಲಿಟ್ಟಿತು. ಘಾನಾದ ಒಬುವಾಸಿಯಲ್ಲಿ ಅಶಾಂತಿ ಗೋಲ್ಡ್‌ಫೀಲ್ಡ್ಸ್ ಅನ್ನೋ ಲಂಡನ್ ಕಂಪನಿ 1897ರಲ್ಲಿ ಹುಟ್ಟಿತು. ಅಲ್ಲಿ ಮೊದಲು ಗಣಿ ಹಕ್ಕು ಪಡೆದಿದ್ದವರು ಕರಾವಳಿಯ ಆಫ್ರಿಕನ್ ವ್ಯಾಪಾರಿಗಳು, ಕಂಪನಿ ಬಂದದ್ದು ಆಮೇಲೆ. ಎರಡೂ ಕಡೆ ಆಳಕ್ಕೆ ಇಳಿದವರು ಬೇರೆ, ಲಾಭ ಎಣಿಸಿದವರು ಬೇರೆ. ನಮ್ಮಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಅಗೆದು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಉಳಿದದ್ದು ಸೈನೈಡ್ ಗುಡ್ಡ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗೋ ಜನ. ಒಬುವಾಸಿ ಕೂಡ 2014ರ ನಂತರ ಕೆಲವು ವರ್ಷ ನಿಂತು, ಮತ್ತೆ ಶುರುವಾಯಿತು.

ಹೊರಗಿನವರಿಗೆ ಮೊದಲು ಅರ್ಥವಾಗಬೇಕಾದ ಪದ ‘ಗಲಮ್ಸೆ’. ‘ಗ್ಯಾದರ್ ದೆಮ್ ಆ್ಯಂಡ್ ಸೆಲ್’ ಅನ್ನೋ ಇಂಗ್ಲಿಷ್ ಮಾತು ನುರಿದು ಆದ ಪದ, ಆಯ್ದು ಮಾರು ಅಂತ. ಪರವಾನಗಿ ಇಲ್ಲದ ಸಣ್ಣ ಗಣಿಗಾರಿಕೆ. ಹಿಂದೆ ಸಲಿಕೆ, ಬಾಂಡ್ಲಿ ಇತ್ತು. ಈಗ ಜೆಸಿಬಿಯಂಥ ಯಂತ್ರಗಳು, ಚಿನ್ನ ಹಿಡಿಯೋಕೆ ಪಾದರಸ. ಪ್ರಾ, ಆಂಕೊಬ್ರಾ, ಒಫಿನ್ ನದಿಗಳ ನೀರು ಚಹಾ ಬಣ್ಣಕ್ಕೆ ತಿರುಗಿದೆ. ಕೊಕೊ ತೋಟಗಳನ್ನ ಅಗೆದು ಗುಂಡಿ ಮಾಡ್ತಿದ್ದಾರೆ. 2024ರಲ್ಲಿ ಅಕ್ರಾದ ಬೀದಿಗಳಲ್ಲಿ ಇದರ ವಿರುದ್ಧ ನಿಂತವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರೇ. ಆದರೆ ಗುಂಡಿಗೆ ಇಳಿಯೋರೂ ನಿಮ್ಮ ವಯಸ್ಸಿನವರೇ, ಊರಲ್ಲಿ ಬೇರೆ ಕೆಲಸ ಇಲ್ಲ ಅಂತ. ಇದನ್ನ ಬರೀ ಕಳ್ಳಗಣಿ ಅಂತ ಕರೆದು ಮುಗಿಸೋಕಾಗಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ಭಾರತ ಘಾನಾದಿಂದ ಕೊಳ್ಳೋದರಲ್ಲಿ ಬಹುದೊಡ್ಡ ಭಾಗ ಚಿನ್ನ. ಕೋಲಾರದ ಗಣಿ ಮುಚ್ಚಿತು, ಮದುವೆಗಳಲ್ಲಿ ಸರ ಹಾಕೋದು ನಿಲ್ಲಲಿಲ್ಲ. ಹಾಗೇ ಒಂದು ಎಚ್ಚರಿಕೆ: ‘ಘಾನಾದಿಂದ ಅಗ್ಗದ ಚಿನ್ನದ ಪುಡಿ ಕೊಡಿಸ್ತೀವಿ’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ಅದು ಮೋಸ. 2025ರಿಂದ ಸಣ್ಣ ಗಣಿಗಳ ಚಿನ್ನದ ಖರೀದಿಯನ್ನ ಅಲ್ಲಿನ ಸರ್ಕಾರ ಗೋಲ್ಡ್‌ಬಾಡ್ ಅನ್ನೋ ಮಂಡಳಿಗೆ ಕೊಟ್ಟಿದೆ, ವಿದೇಶಿಯರು ಸ್ಥಳೀಯ ಮಾರುಕಟ್ಟೆಯಲ್ಲಿ ನೇರವಾಗಿ ಕೊಳ್ಳೋ ಹಾಗಿಲ್ಲ.

ಟೊಮೆಟೊ ಕಥೆ ಇನ್ನೂ ಹತ್ತಿರದ್ದು. ಘಾನಾದಲ್ಲಿ ಟೊಮೆಟೊ ಇಲ್ಲದೆ ಸಾರಿಲ್ಲ, ಜೊಲೊಫ್ ಅನ್ನೋ ಕೆಂಪು ಅನ್ನವೂ ಇಲ್ಲ. ಆದರೂ ವರ್ಷದ ಎಷ್ಟೋ ತಿಂಗಳು ಲಾರಿಗಳು ಗಡಿ ದಾಟಿ ಬುರ್ಕಿನಾ ಫಾಸೊದಿಂದ ಟೊಮೆಟೊ ತರ್ತವೆ. ಅಂಗಡಿ ತುಂಬ ಚೀನಾ, ಇಟಲಿಯ ಟೊಮೆಟೊ ಪೇಸ್ಟ್ ಡಬ್ಬಿ. ಉತ್ತರದ ಪ್ವಾಲುಗು ಅನ್ನೋ ಊರಲ್ಲಿ 1960ರ ದಶಕದಲ್ಲಿ ಟೊಮೆಟೊ ಕಾರ್ಖಾನೆ ಕಟ್ಟಿದರು. ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಹಣ್ಣು ಜಾಸ್ತಿ ಬಂದ ವರ್ಷ ಅಲ್ಲಿನ ರೈತರ ಬೆಳೆ ಹೊಲದಲ್ಲೇ ಕೊಳೆಯುತ್ತೆ. ದರ ಬಿದ್ದಾಗ ರಸ್ತೆಗೆ ಟೊಮೆಟೊ ಸುರಿದದ್ದನ್ನ ಕೋಲಾರ ಎಪಿಎಂಸಿ ಸುತ್ತಮುತ್ತಲಿನವರು ನೋಡಿಲ್ಲವಾ? ಶ್ರೀನಿವಾಸಪುರದವರಿಗೆ ತೋತಾಪುರಿ ಮಾವಿನ ಪಾಡು ಗೊತ್ತಿಲ್ಲವಾ?

ಒಂದು ವ್ಯತ್ಯಾಸ ಮಾತ್ರ ನನಗೆ ತುಂಬ ಇಷ್ಟ. ನಮ್ಮ ಮಂಡಿಗಳಲ್ಲಿ ಹರಾಜು ಕೂಗೋದು, ದರ ಕಟ್ಟೋದು ಬಹುತೇಕ ಗಂಡಸರು. ಘಾನಾದ ಸಂತೆಗಳಲ್ಲಿ ಹೆಂಗಸರು. ಒಂದೊಂದು ಸರಕಿಗೂ ಒಬ್ಬ ‘ಮಾರ್ಕೆಟ್ ಕ್ವೀನ್’ ಇರ್ತಾಳೆ. ಟೊಮೆಟೊಗೆ ಟೊಮೆಟೊ ರಾಣಿ, ಗೆಣಸಿಗೆ ಗೆಣಸಿನ ರಾಣಿ. ಲಾರಿ ಯಾವಾಗ ಬರಬೇಕು, ಎಷ್ಟು ಪೆಟ್ಟಿಗೆ ಇಳಿಯಬೇಕು, ಜಗಳ ಬಂದರೆ ತೀರ್ಪು ಏನು, ಎಲ್ಲ ಆಕೆಯದೇ. ರೈತರು ಆಕೆಯನ್ನ ಬೈಯೋದೂ ಉಂಟು, ದರ ತುಳೀತಾಳೆ ಅಂತ. ಅಕ್ರಾದ ಮಕೋಲಾ, ಕುಮಾಸಿಯ ಕೆಜೆಟಿಯಾ ಸಂತೆಗೆ ಹೋದರೆ ಇದನ್ನ ಗಮನಿಸಿ. ಫೋಟೊ ಮಾತ್ರ ಕೇಳದೆ ತೆಗೀಬೇಡಿ.

ಕೊಕೊ ಬೆಳೆಯಲ್ಲಿ ಐವರಿ ಕೋಸ್ಟ್ ಬಿಟ್ಟರೆ ಜಗತ್ತಿನ ದೊಡ್ಡ ಹೆಸರು ಘಾನಾ. ಕೊಕೊಬಾಡ್ ಅನ್ನೋ ಸರ್ಕಾರಿ ಮಂಡಳಿ ಹಂಗಾಮಿನ ಮೊದಲೇ ರೈತರಿಗೆ ದರ ಗೊತ್ತು ಮಾಡುತ್ತೆ. ಬೆಂಬಲ ಬೆಲೆಗೆ ಹೋರಾಡೋ ನಮ್ಮವರಿಗೆ ಇದು ಸ್ವರ್ಗ ಅನ್ನಿಸಬಹುದು. ಆದರೆ 2024ರಲ್ಲಿ ಅಂತಾರಾಷ್ಟ್ರೀಯ ಬೆಲೆ ಟನ್‌ಗೆ 10,000 ಡಾಲರ್ ದಾಟಿದಾಗ, ಮೊದಲೇ ಕಟ್ಟಿದ ದರದಿಂದ ರೈತನಿಗೆ ಸಿಕ್ಕಿದ್ದು ಅದರ ಸಣ್ಣ ಪಾಲು. ಎಷ್ಟೋ ಚೀಲ ರಾತ್ರೋರಾತ್ರಿ ಗಡಿ ದಾಟಿದವು.

ನೋಡಲೇಬೇಕಾದ ಜಾಗ ಅಂದರೆ ಕರಾವಳಿಯ ಕೋಟೆಗಳು. ಅಕ್ರಾದಿಂದ ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರ್ ಹೋದರೆ ಕೇಪ್ ಕೋಸ್ಟ್, ಅದರ ಪಕ್ಕದಲ್ಲೇ ಎಲ್ಮಿನಾ. ಎಲ್ಮಿನಾ ಕೋಟೆಯನ್ನ ಪೋರ್ಚುಗೀಸರು ಕಟ್ಟಿದ್ದು 1482ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರೋಕೆ 16 ವರ್ಷ ಮೊದಲು. ಬಂದದ್ದು ಚಿನ್ನಕ್ಕೆ, ಆಮೇಲೆ ಶುರುವಾದದ್ದು ಮನುಷ್ಯರ ವ್ಯಾಪಾರ. ಸೆರೆಸಿಕ್ಕವರನ್ನ ನೆಲಮಾಳಿಗೆಯಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿ, ಕಿರಿದಾದ ಬಾಗಿಲಿಂದ ಹಡಗಿಗೆ ಹತ್ತಿಸ್ತಿದ್ದರು. ಕೇಪ್ ಕೋಸ್ಟ್‌ನಲ್ಲಿ ಗಂಡಸರ ನೆಲಮಾಳಿಗೆಯ ನೇರ ಮೇಲೆ ಚರ್ಚ್ ಇತ್ತು. ಮೇಲೆ ಪ್ರಾರ್ಥನೆ, ಕೆಳಗೆ ಸರಪಳಿ.

ಇದು ಯೂರೋಪಿನವರ ಪಾಪ, ನಮಗೇನು ಅಂತ ಅಂದುಕೊಳ್ಳೋಕೆ ಮೊದಲು ಒಂದು ವಿಷಯ. ಆ ವ್ಯಾಪಾರದಲ್ಲಿ ಮನುಷ್ಯರಿಗೆ ಬದಲಾಗಿ ಕೊಡ್ತಿದ್ದ ಸರಕುಗಳಲ್ಲಿ ಕೋರಮಂಡಲ ಕರಾವಳಿಯ ಹತ್ತಿ ಬಟ್ಟೆ ಇತ್ತು, ಮಾಲ್ಡೀವ್ಸ್‌ನಿಂದ ಬಂದ ಕವಡೆ ಇತ್ತು. ನಮ್ಮ ನೇಕಾರರಿಗೆ ಆ ಬಟ್ಟೆ ಎಲ್ಲಿಗೆ ಹೋಗುತ್ತೆ ಅಂತ ತಿಳಿಯೋ ದಾರಿ ಇರಲಿಲ್ಲ ನಿಜ. ಘಾನಾದ ಹಣದ ಹೆಸರು ಸೆಡಿ. ಅದು ಬಂದದ್ದು ಅಕಾನ್ ಭಾಷೆಯಲ್ಲಿ ಕವಡೆಗೆ ಇರೋ ಪದದಿಂದ.

ಒಳನಾಡಿನ ಕುಮಾಸಿ ಅಸಾಂತೆ ರಾಜ್ಯದ ರಾಜಧಾನಿ. ಅವರ ರಾಜತ್ವದ ಗುರುತು ಕಿರೀಟ ಅಲ್ಲ, ಚಿನ್ನದ ಮಣೆ. ಅದರ ಮೇಲೆ ರಾಜನೂ ಕೂರುವಂತಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಅದನ್ನ ತನಗೆ ತಂದುಕೊಡಿ ಅಂದಾಗ ಯಾ ಅಸಾಂತೆವಾ ಅನ್ನೋ ರಾಜಮಾತೆ ಯುದ್ಧಕ್ಕೆ ನಿಂತಳು. ಸೋತಳು, ಗಡೀಪಾರಾದಳು, ಮಣೆ ಮಾತ್ರ ಬ್ರಿಟಿಷರ ಕೈಗೆ ಸಿಗಲಿಲ್ಲ. ಕಿತ್ತೂರು, ಝಾನ್ಸಿ ಕಥೆ ಕೇಳಿದವರಿಗೆ ಈಕೆ ಯಾರು ಅಂತ ಬಿಡಿಸಿ ಹೇಳಬೇಕಿಲ್ಲ. ಹತ್ತಿರದ ಬೊನ್ವಿರೆ ಊರಲ್ಲಿ ಕೆಂಟೆ ಬಟ್ಟೆ ನೇಯ್ತಾರೆ, ಅಂಗೈಯಗಲದ ಪಟ್ಟಿ ಪಟ್ಟಿಯಾಗಿ ನೇಯ್ದು ಆಮೇಲೆ ಜೋಡಿಸೋದು. ಹಿಂದೆ ಹೊರಗಿನಿಂದ ಬಂದ ರೇಷ್ಮೆ ಬಟ್ಟೆಯನ್ನ ಎಳೆ ಎಳೆಯಾಗಿ ಬಿಚ್ಚಿ, ಆ ನೂಲಲ್ಲಿ ಕೆಂಟೆ ನೇಯ್ತಿದ್ದರು. ಗೂಡಿನಿಂದ ನೂಲು ಬಿಚ್ಚೋ ಕಷ್ಟ ಗೊತ್ತಿರೋ ರೇಷ್ಮೆ ಸೀಮೆಯವರು, ನೇಯ್ದ ಬಟ್ಟೆಯನ್ನೇ ಬಿಚ್ಚೋ ತಾಳ್ಮೆ ಎಂಥದ್ದು ಅಂತ ಊಹಿಸಿ.

ಪೂರ್ವದಲ್ಲಿ ವೋಲ್ಟಾ ಜಲಾಶಯ. 1965ರಲ್ಲಿ ಅಕೊಸೊಂಬೊ ಅಣೆಕಟ್ಟು ಮುಗಿದಾಗ ನಿಂತ ನೀರು ಸುಮಾರು 8,500 ಚದರ ಕಿಲೋಮೀಟರ್. ನಮ್ಮ ಇಡೀ ಕೋಲಾರ ಜಿಲ್ಲೆಯ ಎರಡು ಪಟ್ಟು, ಬರೀ ನೀರು! ವರ್ಷವಿಡೀ ಹರಿಯೋ ನದಿ ಇಲ್ಲದೆ, ಕೆ.ಸಿ. ವ್ಯಾಲಿಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆರೆಗೆ ಬಿಡಿಸ್ಕೊಳ್ಳೋ ನಮಗೆ ಹೊಟ್ಟೆ ಉರಿಯೋ ಲೆಕ್ಕ. ಸುಮಾರು 80,000 ಜನ ಮನೆ ಬಿಟ್ಟರು ಅನ್ನೋದನ್ನೂ ಸೇರಿಸ್ಕೊಳ್ಳಿ. ಅಷ್ಟಾಗಿಯೂ ಕರೆಂಟ್ ಹೋಗುತ್ತೆ. ಅದಕ್ಕೆ ಟ್ವಿಯಲ್ಲಿ ‘ದುಮ್ಸೊ’ ಅಂತಾರೆ, ಆರು-ಹತ್ತು ಅಂತ ಅರ್ಥ. ಲೋಡ್ ಶೆಡ್ಡಿಂಗ್‌ಗೆ ಇಷ್ಟು ಚೆನ್ನಾದ ಪದ ನಮಗೆ ಯಾಕೆ ಹುಟ್ಟಲಿಲ್ಲವೋ!

1957ರ ಮಾರ್ಚ್ 6ಕ್ಕೆ ಸ್ವಾತಂತ್ರ್ಯ ಬಂತು. ಅದರ ಹಿಂದೆ ನಮ್ಮ ಕಡೆಯ ಒಂದು ಎಳೆ ಇದೆ. ಎರಡನೇ ಮಹಾಯುದ್ಧದಲ್ಲಿ ಗೋಲ್ಡ್ ಕೋಸ್ಟ್‌ನ ಸೈನಿಕರು ಭಾರತಕ್ಕೆ ಬಂದು, ಇಲ್ಲಿಂದ ಬರ್ಮಾದ ಕಾಡುಗಳಲ್ಲಿ ಜಪಾನಿಯರ ವಿರುದ್ಧ ಹೋರಾಡಿದರು. ಊರಿಗೆ ಮರಳಿದ ಯೋಧರು ಕೊಟ್ಟ ಮಾತಿನಂತೆ ಪಿಂಚಣಿ, ಕೆಲಸ ಕೊಡಿ ಅಂತ 1948ರ ಫೆಬ್ರವರಿ 28ರಂದು ಅಕ್ರಾದಲ್ಲಿ ಮೆರವಣಿಗೆ ಹೊರಟಾಗ ಪೊಲೀಸರು ಗುಂಡು ಹಾರಿಸಿ ಮೂವರು ಸತ್ತರು. ಅಲ್ಲಿಂದ ಚಳವಳಿಗೆ ಬೆಂಕಿ ಹತ್ತಿತು. ಅಕ್ರಾದ ಸೇನಾ ಕೇಂದ್ರದ ಹೆಸರು ಇವತ್ತಿಗೂ ಬರ್ಮಾ ಕ್ಯಾಂಪ್.

ಗಾಂಧೀಜಿ ಬಗ್ಗೆ ಯಾರಾದರೂ ಕೇಳಿಯೇ ಕೇಳ್ತಾರೆ, ತಯಾರಿರಿ. 2016ರಲ್ಲಿ ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಘಾನಾ ವಿಶ್ವವಿದ್ಯಾಲಯದಲ್ಲಿ ಗಾಂಧಿ ಪ್ರತಿಮೆ ಅನಾವರಣ ಮಾಡಿದರು. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧಿ ಕರಿಯರ ಬಗ್ಗೆ ಬರೆದ ಮಾತುಗಳನ್ನ ಮುಂದಿಟ್ಟು ಅಧ್ಯಾಪಕರು ವಿರೋಧಿಸಿದರು. 2018ರ ಡಿಸೆಂಬರ್‌ನಲ್ಲಿ ಪ್ರತಿಮೆ ತೆಗೆದರು. ಸಿಟ್ಟು ಮಾಡ್ಕೊಬೇಡಿ. ವಾದ ಮಾಡೋದಾದರೆ ಓದಿ ಮಾಡಿ. ಬೆಂಗಳೂರಲ್ಲಿ ಆಫ್ರಿಕನ್ ವಿದ್ಯಾರ್ಥಿಗಳಿಗೆ ಮನೆ ಬಾಡಿಗೆಗೆ ಸಿಗುತ್ತಾ ಅಂತಾನೂ ಕೇಳಬಹುದು. 2016ರ ಜನವರಿಯಲ್ಲಿ ಹೆಸರಘಟ್ಟದ ಹತ್ತಿರ ತಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಹಲ್ಲೆ ಮಾಡಿದ ಸುದ್ದಿ ಆ ಖಂಡದ ಪತ್ರಿಕೆಗಳಲ್ಲೂ ಬಂದಿತ್ತು. ಅಲ್ಲಿ ನಿಮ್ಮನ್ನ ಮಕ್ಕಳು ‘ಒಬ್ರೂನಿ’ ಅಂತ ಕೂಗ್ತಾರೆ, ಪರದೇಶಿ ಅಂತ. ಕೈ ಬೀಸಿದರೆ ನಗ್ತಾರೆ, ಅಷ್ಟೇ. ನಾವು ಇಲ್ಲಿ ಅವರನ್ನ ಏನಂತ ಕರೀತೀವಿ ಅನ್ನೋದು ನಿಮಗೇ ಗೊತ್ತು.

ಓಡಾಟಕ್ಕೆ ‘ಟ್ರೊಟ್ರೊ’. ನಮ್ಮ ಟೆಂಪೊ ಥರ ತುಂಬಿದ ಮೇಲೆ ಹೊರಡೋ ವ್ಯಾನು, ಬಾಗಿಲಲ್ಲಿ ನೇತಾಡ್ತಾ ಊರ ಹೆಸರು ಕೂಗೋ ಹುಡುಗನಿಗೆ ‘ಮೇಟ್’ ಅಂತಾರೆ. ಆಟೋಗಳೂ ಇವೆ, ಬಜಾಜ್, ಟಿವಿಎಸ್ ಹೆಸರು ನೋಡಿ ಖುಷಿಯಾಗುತ್ತೆ. ಅಲ್ಲಿ ಅದಕ್ಕೆ ‘ಪ್ರಾಗ್ಯಾ’ ಅಂತಾರೆ. ರಸ್ತೆ ದಾಟುವಾಗ ಹುಷಾರು, 1974ರಿಂದ ಅಲ್ಲಿ ವಾಹನ ಬಲಗಡೆ ಓಡ್ತವೆ. ಹಣ ಕೊಡೋದು ಮೊಬೈಲ್ ಮನಿಯಲ್ಲಿ. ಬ್ಯಾಂಕ್ ಖಾತೆಗಿಂತ ಸಿಮ್ ಮುಖ್ಯ, ಕೀಪ್ಯಾಡ್ ಫೋನಲ್ಲೂ ನಡೆಯುತ್ತೆ. ಮಿಲಿಟರಿ ಚುಕ್ಕೆಯ ಪ್ಯಾಂಟ್, ಟೀಶರ್ಟ್ ಮನೇಲೇ ಬಿಟ್ಟು ಹೋಗಿ. ನಾಗರಿಕರು ಅದನ್ನ ಹಾಕೋದು ಅಲ್ಲಿ ಕಾನೂನಿಗೆ ವಿರುದ್ಧ. ನವೆಂಬರ್‌ನಿಂದ ಮಾರ್ಚ್‌ವರೆಗೆ ಒಣಹವೆ, ಹೋಗೋಕೆ ಒಳ್ಳೇ ಕಾಲ. ಡಿಸೆಂಬರ್ ಹೊತ್ತಿಗೆ ಸಹಾರಾ ಕಡೆಯಿಂದ ಹರ್ಮಟಾನ್ ಅನ್ನೋ ಧೂಳುಗಾಳಿ ಬೀಸುತ್ತೆ, ತುಟಿ ಒಡೆಯುತ್ತೆ.

ಸಾಮಾನ್ಯ ಪಾಸ್‌ಪೋರ್ಟ್ ಇರೋರು ಮೊದಲೇ ವೀಸಾ ಮಾಡಿಸ್ಕೊಂಡು ಹೋಗಿ, ಘಾನಾ ಹೈಕಮಿಷನ್ ದೆಹಲಿಯಲ್ಲಿದೆ. ಬೆಂಗಳೂರಿಂದ ನೇರ ವಿಮಾನ ಇಲ್ಲ, ಅಡಿಸ್ ಅಬಾಬಾ ಅಥವಾ ದುಬೈ ಮೂಲಕ ಹೋಗಬೇಕು. ಮಲೇರಿಯಾ ಮಾತ್ರೆ ಬಗ್ಗೆ ವೈದ್ಯರನ್ನ ಕೇಳಿ, ಸೊಳ್ಳೆಯನ್ನ ಹಗುರವಾಗಿ ತಗೋಬೇಡಿ.

ಕೊನೇದು, ಹಳದಿ ಜ್ವರದ ಲಸಿಕೆ. ಹೊರಡೋಕೆ ಕನಿಷ್ಠ 10 ದಿನ ಮೊದಲು, ಸರ್ಕಾರ ಗೊತ್ತು ಮಾಡಿದ ಕೇಂದ್ರದಲ್ಲೇ ಹಾಕಿಸ್ಕೊಳ್ಳಿ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತೆ. ಅಲ್ಲಿ ಕೊಡೋ ಹಳದಿ ಪುಸ್ತಕ ಪಾಸ್‌ಪೋರ್ಟಿನಷ್ಟೇ ಮುಖ್ಯ. ಅಕ್ರಾದಲ್ಲಿ ಇಳಿದಾಗ ಕೇಳ್ತಾರೆ, ಅದಕ್ಕಿಂತ ಹೆಚ್ಚಾಗಿ ವಾಪಸ್ ಬಂದಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳ್ತಾರೆ. ಪುಸ್ತಕ ಇಲ್ಲ ಅಂದರೆ 6 ದಿನದವರೆಗೆ ಕ್ವಾರಂಟೈನ್. ಅಟ್ಲಾಂಟಿಕ್ ದಡದಿಂದ ಬಂದು ದೇವನಹಳ್ಳಿಯಲ್ಲಿ ಸಿಕ್ಕಿಹಾಕ್ಕೊಳ್ಳಬೇಡಿ, ಅಲ್ಲಿಂದ ಗೌನಿಪಲ್ಲಿಗೆ ಇನ್ನೆಷ್ಟು ದೂರ!

ಮುಂದಿನ ವಾರ ಇನ್ನೊಂದು ದೇಶ. ಬರ್ತೀನಿ.